ಸುತ್ತಿಗೆ ಕೆಳಗಿಡ್ರಪ್ಪ, ಪುಲ್ಲರ್ ಎತ್ಕೊಳ್ಳಿ

ಹೋದ ಸಲ ಹಿತಕಿದ ಅವರೆಬೇಳೆ ಸಾರು ಬರೆದಿದ್ದೆ. ಈ ಸಲ ಅಡಿಗೆ ಇಲ್ಲ, ಈ ಸಲ ಜಗಳ. ಒಲೆ ಸಣ್ಣಗೆ ಮಾಡಿ, ಕೂತ್ಕೊಂಡು ಓದಿ. ಸ್ವಲ್ಪ ಉದ್ದ ಆಯ್ತದೆ, ಬೇಜಾರು ಮಾಡ್ಕೋಬೇಡಿ.

ಮೊನ್ನೆ ನಮ್ಮ ಕಡೆಯೋರ ಮನೇಲಿ ನಾಮಕರಣ ಇತ್ತು. ಗಂಡಸರ ಪಂಕ್ತೀಲಿ ಗಾಡಿ ಮಾತು ಬಂತು. ಯಾರದೋ ಎಕ್ಸೆಲ್ ಗಾಡಿ ಮ್ಯಾಗ್ನೆಟ್ ಬಿಚ್ಚೋಕೆ ಆಗ್ತಾ ಇಲ್ಲವಂತೆ, ಕಚ್ಚಿಕೊಂಡು ಕೂತೈತಂತೆ. ಅದಕ್ಕೆ ನಮಗೆ ಭಾವ ಆಗಬೇಕಾದ ಒಬ್ಬರು ಅನ್ನ ಕಲಸ್ತಾ ಹೇಳಿದ್ರು: "ಅದೇನು ಮಹಾ. ಸುತ್ತಿಗೇಲಿ ಎರಡು ಬಿಗಿ, ತಾನೇ ಬತ್ತದೆ. ಗಾಡಿ, ದನ, ಹೆಂಗಸು, ಈ ಮೂರೂ ಏಟು ಬಿದ್ರೇನೆ ಮಾತು ಕೇಳೋದು."

ಪಂಕ್ತಿಗೆ ಪಂಕ್ತಿಯೇ ನಕ್ತು. ಪಾಯಸದ ಬಕೀಟು ಹಿಡ್ಕೊಂಡು ನಿಂತಿದ್ದ ನಾನೂ ನಕ್ಕೆ. ಅದೇ ನನ್ನ ಹೊಟ್ಟೆ ಉರಿಸ್ತಾ ಇರೋದು. ಮನೆಗೆ ಬಂದು ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ಆವತ್ತು ಆಡಬೇಕಾಗಿದ್ದ ಮಾತನ್ನ ಇವತ್ತು ಬರೀತಾ ಇದ್ದೀನಿ. ದನದ ಮಾತು, ಹೆಂಗಸಿನ ಮಾತು ಕೊನೇಗೆ ಬರ್ತೀನಿ. ಮೊದಲು ಗಾಡಿ ಮಾತು. ಯಾಕಂದ್ರೆ ಭಾವನವರು ಗಾಡಿ ವಿಷ್ಯದಲ್ಲೂ ಹೇಳಿದ್ದು ತಪ್ಪು. ತಪ್ಪು ಅಂತ ನನಗೆ ಹೆಂಗೆ ಗೊತ್ತು ಅಂದ್ರೆ, ನಾನೇ ಆ ತಪ್ಪು ಮಾಡಿಸಿ ದಂಡ ತೆತ್ತಿದ್ದೀನಿ.

ನಮ್ಮನೇದು ಹಳೇ ಎಕ್ಸೆಲ್, ಎರಡು ಸ್ಟ್ರೋಕಿನದು. ಈ ಸೀಮೇಲಿ ಯಾರ ಮನೇಲಿ ಇಲ್ಲ ಹೇಳಿ? 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಅಂತ ಬಂತಲ್ಲ, ಅವತ್ತಿಂದ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ಮಾಡ್ತಿದ್ದ ಅರ್ಧ ಕೆಲಸ ಈ ಗಾಡಿ ಮೇಲೇ ಬಿತ್ತು. ಬೆಳಿಗ್ಗೆ ಸಂಜೆ ಡೇರಿಗೆ ಹಾಲಿನ ಕ್ಯಾನು. ನಡುವೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಗೂಡು ಬಿಡಿಸಿದ ದಿನ ವಿಜಯಪುರದ ಮಾರ್ಕೆಟ್ಟಿಗೆ ಗೂಡಿನ ಮೂಟೆ. ಚಕ್ಕೋತ, ದ್ರಾಕ್ಷಿ ಕ್ರೇಟು, ಬೂಸಾ ಮೂಟೆ, ಬೀಗರ ಮನೆಗೆ ಹೋಗೋ ಮುದುಕಿ, ಎಲ್ಲಾ ಅದರ ಮೇಲೇನೇ. ಅದು ನಿಂತ್ರೆ ಮನೆ ನಿಂತಂಗೆ.

ಎರಡು ವರ್ಷದ ಹಿಂದೆ ಕಾರ್ತೀಕದಲ್ಲಿ ನಿಂತೇ ಬಿಡ್ತು. ಅದಕ್ಕೂ ಮೊದಲು ಒಂದು ಥರ ಆಡ್ತಿತ್ತು. ಬೆಳಿಗ್ಗೆ ಎಷ್ಟು ತುಳಿದ್ರೂ ಹಿಡೀತಿರಲಿಲ್ಲ. ಹಿಡಿದ್ರೆ ಆಕ್ಸಿಲೇಟರ್ ಬಿಟ್ಟರೂ ತಾನೇ ಕೂಗ್ತಿತ್ತು, ಕೈ ಇಡೋಕಾಗದಷ್ಟು ಕಾಯ್ತಿತ್ತು. ನನ್ನ ಮಗ ಏರ್‌ಪೋರ್ಟ್ ಕಡೆ ರಾತ್ರಿ ಪಾಳಿ ಕೆಲಸ ಮಾಡ್ತಾನೆ. ಅವನು ಅಲ್ಲಿ ಇಲ್ಲಿ ಕೇಳ್ಕೊಂಡು ಬಂದ. "ಅಮ್ಮಾ, ಮ್ಯಾಗ್ನೆಟ್ ಹಿಂದೆ ಒಂದು ಆಯಿಲ್ ಸೀಲ್ ಐತಂತೆ, ರಬ್ಬರಿಂದು. ಅದು ಸವೆದ್ರೆ ಅಲ್ಲಿಂದ ಗಾಳಿ ಎಳಕೊಳ್ತದಂತೆ. ಸೀಲಿಗೆ ಅರವತ್ತು ರೂಪಾಯಿ. ನಾನೇ ಹಾಕ್ತೀನಿ" ಅಂದ. ಹುಡುಗ ಹೇಳಿದ ಕಾಯಿಲೆ ಸರಿಯಾಗೇ ಇತ್ತು. ಕೆಟ್ಟಿದ್ದು ಬಿಚ್ಚೋದರಲ್ಲಿ.

ನಟ್ಟು ಬಂತು. ಚಕ್ರ ಬರ್ಲಿಲ್ಲ. ಎಳೆದ, ಅಲ್ಲಾಡಿಸಿದ, ಸ್ಕ್ರೂಡ್ರೈವರ್ ಹಿಂದೆ ತೂರಿಸಿ ಮೀಟಿದ. ಜಗ್ಗಲಿಲ್ಲ. ಸಂಜೆ ಹಾಲಿನ ಹೊತ್ತು ಆಗ್ತಾ ಬಂತು. ನಾನು ಹಟ್ಟಿ ಬಾಗ್ಲಲ್ಲಿ ನಿಂತ್ಕೊಂಡು ಹೇಳಿದೆ: "ಅದೇನು ನೆಂಟರ ಮನೆ ಕೂಸಂಗೆ ನೇವರಿಸ್ತೀಯಾ, ಒಂದು ಬಿಗಿಯಪ್ಪ." ಸುತ್ತಿಗೆ ಹುಡುಕಿ ತಂದು ಕೊಟ್ಟಿದ್ದು ನಾನೇ. ಇದನ್ನ ಮುಚ್ಚಿಟ್ಟು ಬರೆದ್ರೆ ಈ ಬರಹಕ್ಕೆ ಬೆಲೆ ಇಲ್ಲ.

ಅವನು ಉಳಿ ಇಟ್ಟು ಹೊಡೆದ. ನಾಕನೇ ಏಟಿಗೆ ಉಳಿ ತಲೆಯಿಂದ ಒಂದು ಚೂರು ಹಾರಿ ಅವನ ಬಲಗಣ್ಣಿಗೆ ಬಿತ್ತು. ಸಾಸಿವೆ ಕಾಳಲ್ಲಿ ಕಾಲು ಭಾಗ ಇತ್ತೋ ಏನೋ. ನಾನು ಸೆರಗಿನ ತುದಿ ನಾಲಗೆಗೆ ತಾಗಿಸಿ ತೆಗೆಯೋಕೆ ಹೋದೆ. ಯಾರೂ ಹಂಗೆ ಮಾಡಬೇಡಿ, ಉಜ್ಜಲೂ ಬೇಡಿ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋದ್ವಿ, ನೂರು ವರ್ಷ ದಾಟಿದ ಸರ್ಕಾರಿ ಆಸ್ಪತ್ರೆ ಅದು. ಡಾಕ್ಟ್ರಮ್ಮ ಚೂರು ತೆಗೆದ್ರು. ಕಬ್ಬಿಣದ ಚೂರು ಕಣ್ಣಲ್ಲಿ ಉಳಿದ್ರೆ ಅಲ್ಲೇ ತುಕ್ಕು ಹಿಡೀತದೆ, ಸುತ್ತ ಬಳೆಯಂಗೆ ಕಲೆ ಕಟ್ತದೆ ಅಂತ ಹೇಳಿದ್ರು. ತುಕ್ಕು ಅಂದ್ರೆ ಗುದ್ದಲಿಗೆ, ಮಚ್ಚಿಗೆ ಹಿಡಿಯೋದು ಅಂತ ತಿಳ್ಕೊಂಡಿದ್ದೆ ನಾನು. ಮಗನ ಕಣ್ಣಿಗೂ ಹಿಡೀತದೆ ಅಂತ ಆವತ್ತು ಗೊತ್ತಾಯ್ತು. ಮೂರು ಸಲ ತಿರುಗಿದ್ವಿ. ಕಣ್ಣು ಉಳೀತು. ಆದ್ರೆ ಇವತ್ತಿಗೂ ರಾತ್ರಿ ಪಾಳಿಗೆ ಹೋಗೋವಾಗ ಎದುರಿಂದ ಲೈಟು ಬಂದ್ರೆ ಆ ಕಣ್ಣಲ್ಲಿ ಬೆಳಕು ಚೆದುರ್ತದಂತೆ. ಅವನು ಗಾಡಿ ತಗೊಂಡು ಹೊರಟ್ರೆ ನಾನು ಮನೆ ಮುಟ್ಟಿದೆ ಅಂತ ಫೋನು ಬರೋವರೆಗೂ ಮಲಗಲ್ಲ.

ಇನ್ನು ಗಾಡಿ ಕಥೆ. ಏಟಿಗೆ ಚಕ್ರ ಬಂತು, ಬರ್ಲಿಲ್ಲ ಅಂತಲ್ಲ. ಆದ್ರೆ ಚಕ್ರದ ರೆಕ್ಕೆ ಎರಡು ಮುರಿದಿತ್ತು, ಕ್ರಾಂಕಿನ ತುದಿ ಅಣಬೆ ತಲೆ ಥರ ಅರಳಿ ಹೋಗಿತ್ತು. ನಟ್ಟು ತಿರುಗಿ ಹತ್ತಲಿಲ್ಲ. ಇಂಜಿನ್ ಪೂರ್ತಿ ಬಿಚ್ಚಿ ಕ್ರಾಂಕು, ಬೇರಿಂಗು, ಲೇತ್ ಕೆಲಸ ಎಲ್ಲಾ ಸೇರಿ 4,800 ರೂಪಾಯಿ ಆಯ್ತು. ಅರವತ್ತು ರೂಪಾಯಿ ಸೀಲಿಗೆ ನಾಕು ಸಾವಿರದ ಎಂಟುನೂರು! ಒಂಬತ್ತು ದಿನ ಗಾಡಿ ಇಲ್ಲ. ನಮ್ಮ ಯಜಮಾನರಿಗೆ ಮಂಡಿ ನೋವು, ನಡೆಯೋಕಾಗಲ್ಲ. ನಾನೂ ನನ್ನ ಸೊಸೇನೂ ಒಂದೊಂದು ಹೊತ್ತು ಹಾಲು ಹೊತ್ವಿ. ಆಗ ಸೊಸೆಗೆ ಐದು ತಿಂಗಳು. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದಿದ್ರೇ ಚೆನ್ನಾಗಿರ್ತಿತ್ತು.

ಅದಾದ ಮೇಲೆ ಹಟ ಬಂತು ನನಗೆ. ನಾನು ಪಿಯುಸಿ ಆರ್ಟ್ಸ್ ಓದಿದೋಳು, ಸೈನ್ಸ್ ಗೊತ್ತಿಲ್ಲ. ಆದ್ರೂ ಲೇತ್ ಕೆಲಸ ಮಾಡಿದ ವಯಸ್ಸಾದ ಮೇಸ್ತ್ರಿ ಹತ್ರ ಸ್ಟೂಲು ಹಾಕ್ಕೊಂಡು ಕೂತು ಕೇಳಿದೆ, ಈ ಚಕ್ರ ಯಾಕೆ ಅಲ್ಲಿ ಐತೆ, ಯಾಕೆ ಬರಲ್ಲ ಅಂತ. ಅವರು ಹೇಳಿದ್ದನ್ನ ನಮ್ಮ ಮನೆ ಸಾಮಾನಿನ ಲೆಕ್ಕದಲ್ಲಿ ನಿಮಗೆ ಹೇಳ್ತೀನಿ.

ನಿಮ್ಮ ಮನೆ ಹೊಲಿಗೆ ಮಿಷಿನ್ ನೋಡಿ. ಕಾಲಲ್ಲಿ ತುಳಿಯೋದು ಮೇಲೆ ಕೆಳಗೆ. ತುಳಿತ ಪೂರ್ತಿ ಕೆಳಗೆ ಹೋದಾಗ, ಪೂರ್ತಿ ಮೇಲೆ ಬಂದಾಗ, ಆ ಒಂದು ಗಳಿಗೆ ನಿಮ್ಮ ಕಾಲಿನ ಬಲ ಏನೂ ಕೆಲಸ ಮಾಡಲ್ಲ. ಆದ್ರೂ ಮಿಷಿನ್ ನಿಲ್ಲಲ್ಲ. ಯಾಕೆ? ಕೆಳಗಿನ ದೊಡ್ಡ ಚಕ್ರ ತೂಕ ಐತೆ. ಒಂದು ಸಲ ತಿರುಗಿದ್ರೆ ಆ ಓಟದಲ್ಲೇ ಮುಂದಿನ ತುಳಿತದವರೆಗೂ ಎಳ್ಕೊಂಡು ಹೋಯ್ತದೆ. ರಾಗಿ ಬೀಸೋ ಕಲ್ಲೂ ಹಂಗೇನೆ. ಮೊದಲ ಸುತ್ತು ತೋಳು ಬೀಳ್ತದೆ, ಆಮೇಲೆ ಕಲ್ಲಿನ ತೂಕವೇ ನಮ್ಮ ಕೆಲಸ ಮಾಡ್ತದೆ.

ಇಂಜಿನ್ನಲ್ಲೂ ಅದೇ. ಎರಡು ಸ್ಟ್ರೋಕಿನ ಗಾಡೀಲಿ ಕ್ರಾಂಕು ಒಂದು ಸಲ ತಿರುಗೋದ್ರೊಳಗೆ ಪೆಟ್ರೋಲು ಒಂದು ಸಲ ಹೊತ್ಕೊಂಡು ತಳ್ಳುತ್ತೆ. 2015ರಿಂದ ಬಂದ ಎಕ್ಸೆಲ್ 100 ನಾಕು ಸ್ಟ್ರೋಕಿನದು, ಅದರಲ್ಲಿ ಎರಡು ಸಲ ತಿರುಗಿದ್ರೆ ಒಂದು ತಳ್ಳು. ಮಿಕ್ಕ ಹೊತ್ತೆಲ್ಲ ಇಂಜಿನ್ನನ್ನ ತಿರುಗಿಸಿಕೊಂಡು ಹೋಗೋದು ಈ ತೂಕದ ಚಕ್ರ. ಇದಕ್ಕೆ ಫ್ಲೈವೀಲ್ ಅಂತ ಹೆಸರು. ಮೊಪೆಡ್ಡಿನಲ್ಲಿ ಇದರ ಒಳಗೋಡೆಗೆ ಅಯಸ್ಕಾಂತ ಕೂರಿಸಿರ್ತಾರೆ. ಅದು ಕಾಯಿಲ್ ಸುತ್ತ ತಿರುಗಿ ಕರೆಂಟು ಹುಟ್ಟಿಸಿ ಪ್ಲಗ್ಗಿಗೆ ಕಿಡಿ ಕೊಡ್ತದೆ. ಅದಕ್ಕೇ ಮೆಕಾನಿಕ್ಕುಗಳು ಇದನ್ನ ಮ್ಯಾಗ್ನೆಟ್ ಅಂತ ಕರೆಯೋದು.

ಸರಿ, ನಟ್ಟು ಬಿಚ್ಚಿದ ಮೇಲೂ ಯಾಕೆ ಬರಲ್ಲ? ಒಂದು ಸ್ಟೀಲ್ ಲೋಟದೊಳಗೆ ಇನ್ನೊಂದು ಲೋಟ ಸಿಕ್ಕಾಕೊಂಡಿದ್ದು ಎಷ್ಟು ಸಲ ನೋಡಿಲ್ಲ ನೀವು? ಲೋಟ ಮೇಲೆ ಅಗಲ, ಕೆಳಗೆ ಸಣ್ಣ. ಒತ್ತಿದಷ್ಟೂ ಕಚ್ಚಿಕೊಳ್ತದೆ. ಕ್ರಾಂಕಿನ ತುದೀನೂ ಅದೇ ಥರ, ಒಂದು ಕಡೆಗೆ ಸಣ್ಣ ಆಗ್ತಾ ಹೋಗಿರ್ತದೆ, ಚಕ್ರದ ತೂತೂ ಹಂಗೇ. ನಟ್ಟು ಬಿಗಿ ಮಾಡಿದಾಗ ಒಂದಕ್ಕೊಂದು ಕಚ್ಚಿಕೊಂಡು ಎರಡೂ ಒಂದೇ ಆಗಿಬಿಡ್ತವೆ. ಅದು ಕೆಟ್ಟಿರೋದಲ್ಲ, ಹಟ ಮಾಡ್ತಿರೋದೂ ಅಲ್ಲ. ಹಂಗೆ ಕಚ್ಚಿಕೊಂಡಿರಲಿ ಅಂತಲೇ ಮಾಡಿರೋದು. ಇಲ್ಲದಿದ್ರೆ ಓಡೋವಾಗ ಚಕ್ರ ಕಳಚಿ ಕಾಲಿಗೆ ಬೀಳ್ತದೆ.

ಈಗ ಹೇಳಿ, ಲೋಟ ಸಿಕ್ಕಾಕೊಂಡ್ರೆ ನಿಮ್ಮಲ್ಲಿ ಯಾರಾದರೂ ಸುತ್ತಿಗೆ ತಗೋತೀರಾ? ಒಳಗಿನ ಲೋಟಕ್ಕೆ ತಣ್ಣೀರು ಹಾಕಿ, ಹೊರಗಿನದನ್ನ ಬಿಸಿನೀರಲ್ಲಿ ಇಟ್ಟು, ಹೆಂಗೆ ಸೇರಿತ್ತೋ ಹಂಗೇ ಬಿಡಿಸ್ತೀವಿ. ಹತ್ತು ರೂಪಾಯಿ ಲೋಟಕ್ಕೆ ಇಷ್ಟು ಬುದ್ಧಿ ಖರ್ಚು ಮಾಡೋ ನಮ್ಮ ಮನೆಗಳಲ್ಲಿ, ಹೊಟ್ಟೆ ಹೊರೆಯೋ ಗಾಡಿಗೆ ಮಾತ್ರ ಸುತ್ತಿಗೆ.

ಸುತ್ತಿಗೆ ಒಳಗೆ ಏನು ಮಾಡ್ತದೆ ಅಂತ ಮೇಸ್ತ್ರಿ ತೋರಿಸಿದ್ರು. ಕ್ರಾಂಕು ಒಂದೇ ತುಂಡಲ್ಲ. ಎರಡು ದಪ್ಪ ಬಿಲ್ಲೆ, ನಡುವೆ ಒಂದು ಪಿನ್ನು, ಎಲ್ಲಾ ಪ್ರೆಸ್ಸಲ್ಲಿ ಒತ್ತಿ ಸೇರಿಸಿರೋದು. ತುದಿಗೆ ಕುಟ್ಟಿದ್ರೆ ಆ ಬಿಲ್ಲೆಗಳು ಕೂದಲೆಳೆಯಷ್ಟು ಸರೀತವೆ. ಕಣ್ಣಿಗೆ ಕಾಣಲ್ಲ. ಆದ್ರೆ ಗಾಡಿ ನಡುಗೋಕೆ ಶುರು ಆಯ್ತದೆ, ಬೇರಿಂಗಿನ ಗುಂಡುಗಳು ಕೂತ ಜಾಗದಲ್ಲಿ ಗುಳಿ ಬೀಳ್ತದೆ, ಆರು ತಿಂಗಳಲ್ಲಿ ಹೊಸ ಸೀಲೂ ಹೋಯ್ತದೆ. ಚಕ್ರಕ್ಕೆ ಕುಟ್ಟಿದ್ರೆ ಒಳಗಿನ ಅಯಸ್ಕಾಂತ ಬಿರುಕು ಬಿಡ್ತದೆ, ಕಿಡಿ ಸಣ್ಣಗಾಯ್ತದೆ. "ಏಟು ಕೊಟ್ಟೆ, ಬಂತು, ಗಾಡೀನೂ ಓಡ್ತು" ಅಂತ ಬೀಗೋರಿಗೆ ಇದೇ ನನ್ನ ಉತ್ತರ. ಓಡ್ತು ನಿಜ. ಆರು ತಿಂಗಳಾದ ಮೇಲೆ ಏನಾಯ್ತು ಅಂತ ಮಾತ್ರ ನೀವು ಹೇಳಲ್ಲ. ಆಗ ಗಾಡೀನ ಬೈತೀರಿ, ಕಂಪ್ನೀನ ಬೈತೀರಿ.

ಅದಕ್ಕೆ ಬೇಕಾಗಿರೋ ಸಾಮಾನು ಮ್ಯಾಗ್ನೆಟ್ ಪುಲ್ಲರ್. ಅಂಗೈಯಷ್ಟಿರೋ ಕಬ್ಬಿಣದ ಬಿಲ್ಲೆ, ನಡುವೆ ಒಂದು ಉದ್ದ ಬೋಲ್ಟು. ಅಷ್ಟೇ. ನಾನು ಬೆಂಗಳೂರು ಜೆ.ಸಿ. ರೋಡಲ್ಲಿ ತಂದೆ, ಆಸ್ಪತ್ರೆಗೆ ಹೋಗಿದ್ದ ಮೂರನೇ ಸಲ. ಮುನ್ನೂರು ರೂಪಾಯಿ ಒಳಗೇ ಸಿಕ್ತು. ಅಂಗಡಿಯೋನು "ಯಾರಿಗಮ್ಮ" ಅಂದ. "ನನಗೆ" ಅಂದೆ. ನಕ್ಕ. ನಗಲಿ ಬಿಡಿ.

ಈಗ ನಾನು ಮಾಡೋ ರೀತಿ ಹೇಳ್ತೀನಿ. ಈ ಎರಡು ವರ್ಷದಲ್ಲಿ ನಮ್ಮದು, ಓರಗಿತ್ತಿ ಮನೇದು, ಪಕ್ಕದ ಮನೇದು ಸೇರಿ ನಾಕು ಸಲ ಬಿಚ್ಚಿದ್ದೀನಿ.

ಮೊದಲು ಜಾಗ. ಅಡಿಗೆಮನೆ ಹತ್ರ ಬೇಡವೇ ಬೇಡ, ನಡುಮನೇಲೂ ಬೇಡ. ಪೆಟ್ರೋಲಿನ ಹಬೆ ಗಾಳಿಗಿಂತ ಭಾರ. ಮೇಲಕ್ಕೆ ಹೋಗಲ್ಲ, ನೆಲ ಹಿಡ್ಕೊಂಡು ಹರಿದು ಹೋಗಿ ಒಲೆ ಉರಿ, ದೇವರ ದೀಪ ಹುಡುಕ್ತದೆ. ಹೊರಗೆ, ಹಗಲು ಹೊತ್ತಲ್ಲಿ, ಮಕ್ಕಳು ಇಲ್ಲದ ಕಡೆ. ಪೆಟ್ರೋಲ್ ಕಾಕು ಮುಚ್ಚಿ, ಪ್ಲಗ್ಗಿನ ಟೋಪಿ ಕಿತ್ತು, ಇಂಜಿನ್ ತಣ್ಣಗಾದ ಮೇಲೆ ಕೈ ಇಡಿ. ಬಳೆ ಮೇಲಕ್ಕೆ ಸರಿಸಿ, ಸೆರಗು ಸಿಕ್ಕಿಸಿ. ಕಣ್ಣಿಗೆ ಕನ್ನಡಕ. ಹಾರ್ಡ್‌ವೇರ್ ಅಂಗಡೀಲಿ ವೆಲ್ಡಿಂಗಿನೋರು ತಗೊಳ್ಳೋ ಬಿಳೀದು ಸಿಗ್ತದೆ. ನಾನು ಅದಿಲ್ಲದೆ ಯಾರನ್ನೂ ಹತ್ರ ಕೂರಿಸಲ್ಲ.

ಎರಡನೇದು ನಟ್ಟು. ನಟ್ಟು ತಿರುಗಿಸಿದ್ರೆ ಚಕ್ರಾನೂ ಜೊತೇಲಿ ತಿರುಗ್ತದೆ, ಅದನ್ನ ಹಿಡಿಯೋಕೆ ಬೆಲ್ಟಿನ ಸ್ಪಾನರು ಸಿಗ್ತದೆ, ಅದು ವಾಸಿ. ರೆಕ್ಕೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ, ಮುರೀತದೆ. ಪ್ಲಗ್ಗಿನ ತೂತಿನಿಂದ ಹಗ್ಗ ತುಂಬಿ ಪಿಸ್ಟನ್ ತಡೆಯೋರೂ ಇದ್ದಾರೆ. ಎರಡು ಸ್ಟ್ರೋಕಿನ ಗಾಡೀಲಿ ಗೋಡೇಲೇ ಕಿಟಕಿ ಥರ ತೂತುಗಳಿರ್ತವೆ, ಹಗ್ಗ ಅದಕ್ಕೆ ಸಿಕ್ಕಿ ತುಂಡಾದ್ರೆ ಇನ್ನೊಂದು ತಲೆನೋವು. ನಾನು ಆ ದಾರಿಗೆ ಹೋಗಲ್ಲ.

ಮೂರನೇದು ಪುಲ್ಲರ್. ಎಲ್ಲಾ ಗಾಡಿಗೂ ಒಂದೇ ಪುಲ್ಲರ್ ಆಗಲ್ಲ, ನಿಮ್ಮ ಗಾಡಿ ಹೆಸರು ಹೇಳಿ ತಗೊಳ್ಳಿ. ಕೆಲವು ಗಾಡೀಲಿ ತ್ರೆಡ್ಡು ಎಡಗಡೆಗೆ ಇರ್ತದೆ, ಕೈಯಲ್ಲಿ ತಿರುಗಿಸಿ ನೋಡಿ ಗೊತ್ತು ಮಾಡ್ಕೊಳ್ಳಿ. ಬಿಲ್ಲೇನ ಚಕ್ರದ ನಡುವಿನ ತ್ರೆಡ್ಡಿಗೆ ಪೂರ್ತಿ, ಕೊನೇವರೆಗೂ ಹತ್ತಿಸಬೇಕು. ಅರ್ಧ ಹತ್ತಿಸಿ ಎಳೆದ್ರೆ ತ್ರೆಡ್ಡು ಕಿತ್ತು ಬರ್ತದೆ, ಆಮೇಲೆ ಯಾವ ದೇವರೂ ಕಾಯಲ್ಲ. ಆಮೇಲೆ ನಡುವಿನ ಬೋಲ್ಟು ನಿಧಾನಕ್ಕೆ ಬಿಗಿ ಮಾಡಿ. ಬೋಲ್ಟು ಕ್ರಾಂಕಿನ ತುದೀನ ಒಳಕ್ಕೆ ಒತ್ತುತ್ತೆ, ಬಿಲ್ಲೆ ಚಕ್ರಾನ ಹೊರಕ್ಕೆ ಎಳೀತದೆ. ಬರ್ಲಿಲ್ವಾ, ಹತ್ತು ನಿಮಿಷ ಬಿಡಿ, ಹೋಗಿ ಒಗ್ಗರಣೆ ಹಾಕಿ ಬನ್ನಿ. ತಿರುಗಿ ಕಾಲು ಸುತ್ತು. "ಟಕ್" ಅಂತ ಒಂದು ಸದ್ದು ಬರ್ತದೆ ನೋಡಿ, ಆ ಸದ್ದು ಕೇಳಿದ್ರೆ ಹೊಟ್ಟೆ ತಣ್ಣಗಾಯ್ತದೆ. ಬಿಗಿ ಇರೋವಾಗ ಬೋಲ್ಟಿನ ತಲೆ ಮೇಲೆ ಒಂದು ಸಣ್ಣ ತಟ್ಟು ಕೊಡೋ ಮೆಕಾನಿಕ್ಕುಗಳು ಇದ್ದಾರೆ. ತಟ್ಟೋದು ಬೇರೆ, ಕುಟ್ಟೋದು ಬೇರೆ. ರೊಟ್ಟಿ ತಟ್ಟೋರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ನಾನಂತೂ ಅದನ್ನೂ ಮಾಡಲ್ಲ, ಕಾಯ್ತೀನಿ.

ನಾಕನೇದು, ಅರ್ಧಚಂದ್ರದ ಕೀ. ಕ್ರಾಂಕಿನ ಗಾಡೀಲಿ ಅರ್ಧ ಕಡಲೆಬೇಳೆ ಥರದ ಒಂದು ಸಣ್ಣ ಕಬ್ಬಿಣದ ಚೂರು ಕೂತಿರ್ತದೆ. ಚಕ್ರ ಎಲ್ಲಿ ಕೂರಬೇಕು, ಕಿಡಿ ಯಾವಾಗ ಬರಬೇಕು ಅನ್ನೋದನ್ನ ಗೊತ್ತು ಮಾಡೋದು ಅದು. ಅದು ತುಂಡಾಗಿದ್ರೆ, ಇಲ್ಲ ಹಾಕೋದು ಮರೆತ್ರೆ, ಕಿಡಿ ಹೊತ್ತು ತಪ್ಪಿ ಬರ್ತದೆ, ಗಾಡಿ ಹಿಡಿಯಲ್ಲ, ಕಿಕ್ಕರು ವಾಪಸ್ ಕಾಲಿಗೆ ಒದೀತದೆ. ಮೊದಲ ಸಲ ನಾನು ಅದನ್ನ ಅರ್ಧ ಗಂಟೆ ಹಟ್ಟಿಯೆಲ್ಲ ಹುಡುಕಿದೆ, ಸೊಸೆ ಬಂದು ನೋಡಿದ್ರೆ ಚಕ್ರದ ಅಯಸ್ಕಾಂತಕ್ಕೇ ಅಂಟಿಕೊಂಡಿತ್ತು. ಅದಕ್ಕೇ ಬಿಚ್ಚಿದ ಚಕ್ರಾನ ಮಣ್ಣಲ್ಲಿ ಇಡಬೇಡಿ, ಹಳೇ ಬಟ್ಟೆ ಮೇಲೆ ಇಡಿ. ನೆಲದಲ್ಲಿರೋ ಮೊಳೆ ಚೂರು, ಕಬ್ಬಿಣದ ಪುಡಿ ಎಲ್ಲಾ ಎಳಕೊಳ್ತದೆ. ಹಾಕೋ ಮುಂಚೆ ಒಳಗೆಲ್ಲ ಬಟ್ಟೇಲಿ ಒರೆಸಿ ನೋಡಿ.

ಕೂರಿಸೋವಾಗ ಕಚ್ಚಿಕೊಳ್ಳೋ ಜಾಗಕ್ಕೆ ಎಣ್ಣೆ, ಗ್ರೀಸು ಹಚ್ಚಬೇಡಿ. "ಮುಂದಿನ ಸಲ ಸುಲಭವಾಗಿ ಬರ್ಲಿ" ಅಂತ ಹಚ್ಚೋಕೆ ಕೈ ತುರಿಸ್ತದೆ. ಒಣಗಿದ್ರೇನೆ ಕಚ್ಚೋದು. ಒರೆಸಿ, ಕೀ ನೋಡಿ, ವಾಷರು ಹಾಕಿ, ನಟ್ಟು ಬಿಗಿ ಮಾಡಿ. ಬಿಗಿ ಸಾಲದು ಅನ್ನಿಸಿದ್ರೆ ಗಾಡಿ ಓಡಿಸಿಕೊಂಡು ಹೋಗಿ ಮೆಕಾನಿಕ್ ಹತ್ರ ಒಂದು ಸಲ ನೋಡಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಕೈಯಲ್ಲಿರೋ ಗ್ರೀಸು ಹೋಗೋಕೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸಬೀನ. ಪೆಟ್ರೋಲಲ್ಲಿ ಕೈ ತೊಳೀಬೇಡಿ.

ಇಷ್ಟೇ. ಇದರಲ್ಲಿ ಒಂದಾದ್ರೂ ಮೀಸೆ ಇದ್ರೇನೆ ಆಗೋ ಕೆಲಸ ಐತಾ ಹೇಳಿ.

ಇನ್ನು ನನಗೆ ಬರೋ ಮಾತುಗಳಿಗೆ ಒಂದೊಂದಾಗಿ ಉತ್ತರ ಕೊಡ್ತೀನಿ.

"ಹೆಂಗಸರಿಗ್ಯಾಕೆ ಇದೆಲ್ಲ?" ಆಯುಧಪೂಜೆ ದಿನ ಅದೇ ಸ್ಪಾನರಿಗೆ ಅರಿಶಿನ ಕುಂಕುಮ ಹಚ್ಚೋಕೆ, ಗಾಡಿಗೆ ಬೂದುಗುಂಬಳ ನಿವಾಳಿಸೋಕೆ ಸಾಮಾನು ಜೋಡಿಸೋಕೆ ನಾವು ಬೇಕು. ಮಾರನೇ ದಿನ ಮುಟ್ಟಿದ್ರೆ ಮಾತ್ರ ತಪ್ಪಾ? ಸೆಪ್ಟೆಂಬರ್ 15 ಬಂದ್ರೆ, ನಮ್ಮ ಪಕ್ಕದ ಮುದ್ದೇನಹಳ್ಳೀಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ ಇಂಜಿನಿಯರುಗಳ ದಿನ ಮಾಡ್ತೀವಿ. ಆ ಮಹಾನುಭಾವರ ಸೀಮೆಯೋರು ನಾವು, ನಟ್ಟಿನ ಮೇಲೆ ಗುಂಡುಕಲ್ಲು ಹಾಕ್ತೀವಿ.

ಇನ್ನೂ ಒಂದು ಕಥೆ ಕೇಳಿ. ಜರ್ಮನೀಲಿ ಕಾರ್ಲ್ ಬೆಂಜ್ ಅನ್ನೋರು ಮೋಟಾರು ಗಾಡಿ ಮಾಡಿದ್ರು. ಜನ ನಂಬಲಿಲ್ಲ. 1888ರ ಆಗಸ್ಟಲ್ಲಿ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೇನೆ ಇಬ್ಬರು ಮಕ್ಕಳನ್ನ ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ, ಸುಮಾರು ನೂರು ಕಿಲೋಮೀಟರು, ಆ ಗಾಡೀಲೇ ಹೋದ್ರು. ದಾರೀಲಿ ಎಣ್ಣೆ ಪೈಪು ಕಟ್ಕೊಂಡಾಗ ಟೋಪಿ ಪಿನ್ನಲ್ಲಿ ಚುಚ್ಚಿ ಬಿಡಿಸಿದ್ರು. ಕಾಲುಚೀಲದ ಪಟ್ಟಿ ಸುತ್ತಿ ವೈರು ಸರಿ ಮಾಡಿದ್ರು. ಬ್ರೇಕು ಸವೆದಾಗ ಚಮ್ಮಾರನ ಹತ್ರ ಚರ್ಮ ಹೊಡೆಸಿದ್ರು. ಇಂಧನ ಮುಗಿದಾಗ ಔಷಧಿ ಅಂಗಡೀಲಿ ತಗೊಂಡ್ರು. ಆ ಗಾಡೀಗೂ ಹಿಂದುಗಡೆ ದೊಡ್ಡ ಫ್ಲೈವೀಲ್ ಮಲಗಿಸಿದಂಗೆ ಇತ್ತು, ಅದನ್ನ ಕೈಯಲ್ಲಿ ತಿರುಗಿಸಿದ್ರೇನೆ ಗಾಡಿ ಸ್ಟಾರ್ಟು. ಮೋಟಾರು ಗಾಡೀಲಿ ಮೊದಲು ದೂರ ಹೋಗಿ, ದಾರೀಲಿ ರಿಪೇರೀನೂ ಮಾಡ್ಕೊಂಡೋಳು ತವರಿಗೆ ಹೊರಟಿದ್ದ ಒಬ್ಬ ಹೆಂಗಸು. ಅವಳ ಹತ್ರ ಇದ್ದಿದ್ದು ಪಿನ್ನು, ಸುತ್ತಿಗೆ ಅಲ್ಲ.

"ನಿಮಗೆ ಬಸ್ಸು ಫ್ರೀ ಐತಲ್ಲ, ಗಾಡಿ ಯಾಕೆ?" ಅಂತಾರೆ ಇನ್ನೊಬ್ಬರು. 2023ರ ಜೂನ್ 11ರಿಂದ ನಮಗೆ ಬಸ್ಸು ಫ್ರೀ, ನಿಜ, ಸಂತೋಷ. ಆದ್ರೆ ಬೆಳಗಿನ ಜಾವ ತೋಟದ ಮನೆಯಿಂದ ಡೇರಿಗೆ ಹಾಲಿನ ಕ್ಯಾನು ಹೊತ್ಕೊಂಡು ಹೋಗೋ ಬಸ್ಸು ಯಾವುದು ಅಂತ ತೋರಿಸಿ, ನಾನು ಹತ್ತುತೀನಿ.

"ಮೆಕಾನಿಕ್ ಹೊಟ್ಟೆ ಮೇಲೆ ಹೊಡೀತೀಯಾ?" ಇಲ್ಲ. ಕ್ರಾಂಕು, ಪಿಸ್ಟನ್ನು, ಗೇರು ಎಲ್ಲಾ ಅವರದೇ. ಒಳ್ಳೇ ಮೆಕಾನಿಕ್ಕಿಗೆ ನಾನು ಕೈ ಮುಗೀತೀನಿ, ನನಗೆ ಕಲಿಸಿದೋರೂ ಅಂಥೋರೇ. ನನ್ನ ಜಗಳ ಪುಲ್ಲರ್ ಇಟ್ಕೊಳ್ಳದೇ ಸುತ್ತಿಗೇನೇ ವಿದ್ಯೆ ಅಂದ್ಕೊಂಡಿರೋರ ಜೊತೆ. ಮುಂದಿನ ಸಲ ಗಾಡಿ ಬಿಟ್ಟಾಗ ಕೇಳಿ, "ಅಣ್ಣಾ, ಮ್ಯಾಗ್ನೆಟ್ ಯಾವುದರಲ್ಲಿ ತೆಗೀತೀಯಾ?" ಪುಲ್ಲರ್ ತೋರಿಸಿದ್ರೆ ಬಿಡಿ. "ಅದೆಲ್ಲ ಯಾಕಮ್ಮ ನಿಮಗೆ" ಅಂದ್ರೆ ಗಾಡಿ ತಳ್ಕೊಂಡು ಮುಂದಿನ ಅಂಗಡಿಗೆ ಹೋಗಿ.

"ಹಳೇದನ್ನ ಗುಜರಿಗೆ ಹಾಕಿ ಕರೆಂಟು ಗಾಡಿ ತಗೋ" ಅಂತ ನನ್ನ ಮಗನೇ ಹೇಳ್ತಾನೆ. ತಗೊಳ್ಳೋಣ, ದುಡ್ಡು ಆದಾಗ. ಅಲ್ಲಿವರೆಗೂ ಅನ್ನ ಹಾಕಿದ ಗಾಡೀನ ಕೊಂದು ತಿನ್ನೋದು ಬೇಡ.

ಈಗ ನನ್ನ ಬೇಡಿಕೆ. ನಮ್ಮ ಊರುಗಳಲ್ಲಿ ಸ್ತ್ರೀಶಕ್ತಿ ಸಂಘ ಇಲ್ಲದ ಬೀದಿ ಇಲ್ಲ. ಸರ್ಕಾರ 2000-01ರಲ್ಲಿ ಶುರು ಮಾಡಿದ್ದು, ಇಷ್ಟು ವರ್ಷ ಉಳಿತಾಯ ಮಾಡಿದ್ದೀವಿ, ಸಾಲ ತಗೊಂಡು ತೀರಿಸಿದ್ದೀವಿ. ಎಷ್ಟೋ ಸಂಘದಲ್ಲಿ ದೊಡ್ಡ ಪಾತ್ರೆ, ಶಾಮಿಯಾನ ಎಲ್ಲರಿಗೂ ಸೇರಿ ಇಟ್ಕೊಂಡಿದ್ದೀವಿ. ಅದರ ಜೊತೆಗೆ ಒಂದು ಪುಲ್ಲರ್, ಒಂದು ಬೆಲ್ಟಿನ ಸ್ಪಾನರು, ಎರಡು ಕನ್ನಡಕ ಇಟ್ಕೊಳ್ಳೋಣ. ತಲೆಗೆ ಐವತ್ತು ರೂಪಾಯಿ ಬೀಳಲ್ಲ. ಯಾರಿಗೆ ಬೇಕೋ ಪುಸ್ತಕದಲ್ಲಿ ಬರೆದು ತಗೊಂಡು ಹೋಗಲಿ. ಗಂಡಸರೂ ತಗೊಂಡು ಹೋಗಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ನಮ್ಮ ಸಂಘದ ಮುಂದಿನ ಸಭೇಲಿ ನಾನು ಇದನ್ನ ಎತ್ತುತೀನಿ. ಓರಗಿತ್ತೀರು, ನಾದಿನೀರು ಇದನ್ನ ಓದ್ತಾ ಇದ್ರೆ ಅವತ್ತು ನನ್ನ ಪಕ್ಕ ಕೂತ್ಕೊಳ್ಳಿ, ಮೂಲೇಲಿ ಕೂತು ನಗಬೇಡಿ.

ಕೊನೇಗೆ ಭಾವನವರ ಮಾತಿಗೆ ಬರ್ತೀನಿ. ಗಾಡಿ, ದನ, ಹೆಂಗಸು.

ಭಾವಾ, ನೀವು ಓದ್ತೀರೋ ಇಲ್ಲವೋ, ಅಕ್ಕ ಖಂಡಿತ ಓದಿ ಹೇಳ್ತಾರೆ. ಏಟಿಗೆ ಗಾಡಿ ಮಾತು ಕೇಳಲ್ಲ, ಒಳಗೆ ಮುರೀತದೆ. ಹೊಡೆಯೋನು ಹತ್ರ ಬಂದ್ರೆ ಹಸು ಹಾಲು ಮೇಲಕ್ಕೆ ಎಳ್ಕೊಳ್ತದೆ, ದನ ಸಾಕಿದೋರು ನೀವು, ನಿಮಗೆ ಗೊತ್ತಿಲ್ಲದ್ದಲ್ಲ. ಇನ್ನು ಹೆಂಗಸಿನ ಮಾತು. ನಮ್ಮ ಅತ್ತೆ ಎಡಗಿವಿ ಕೇಳಿಸ್ತಿರಲಿಲ್ಲ. ಹುಟ್ಟಿದಾಗಿನಿಂದ ಹಂಗೆ ಅಂತ ಎಲ್ಲರ ಹತ್ರ ಹೇಳ್ತಿದ್ರು. ಸಾಯೋ ವರ್ಷ ನನ್ನೊಬ್ಬಳ ಹತ್ರ ಬೇರೆ ಕಥೆ ಹೇಳಿದ್ರು. ನಲವತ್ತು ವರ್ಷ ಮನೇಲಿ ಎಲ್ಲರೂ ಅವರ ಬಲಗಡೇಲಿ ಕೂತು ಮಾತಾಡಿದ್ವಿ, ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಅವತ್ತೂ ಯಾವುದೋ ಪಂಕ್ತೀಲಿ ಯಾರೋ ಇಂಥದೇ ಮಾತಾಡಿರ್ತಾರೆ, ಎಲ್ಲರೂ ನಕ್ಕಿರ್ತಾರೆ.

ಸಿಕ್ಕಾಕೊಂಡಿದ್ದು ಯಾಕೆ ಸಿಕ್ಕಾಕೊಂಡೈತೆ ಅಂತ ತಿಳ್ಕೊಳ್ಳೋಕೆ ತಾಳ್ಮೆ ಇಲ್ಲದೋನು ಸುತ್ತಿಗೆ ಎತ್ತೋದು. ನಾನೂ ಆವತ್ತು ಹಟ್ಟಿ ಬಾಗ್ಲಲ್ಲಿ ನಿಂತು ಅದನ್ನೇ ಮಾಡಿದ್ದು, ಅದರ ಗುರುತು ನನ್ನ ಮಗನ ಕಣ್ಣಲ್ಲಿ ಐತೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಮಾತಾಡ್ತೀನಿ.

ಮುಂದಿನ ಸಲ ಯಾವ ಪಂಕ್ತೀಲಾದರೂ ಆ ಮಾತು ಬಂದ್ರೆ ನಾನು ನಗಲ್ಲ. ಪಾಯಸದ ಬಕೀಟು ಅಲ್ಲೇ ಕೆಳಗಿಟ್ಟು, "ಭಾವಾ, ಯಾಕೆ ಹಂಗಂದ್ರಿ?" ಅಂತ ಕೇಳ್ತೀನಿ. ನೀವೂ ನಗಬೇಡಿ. ಅಷ್ಟು ಸಾಕು.

ಪುಲ್ಲರ್ ಬೇಕಾದೋರು ನಮ್ಮನೆಗೆ ಬನ್ನಿ, ಅಡಿಗೆಮನೆ ಗೂಡಲ್ಲಿ ಉಪ್ಪಿನ ಜಾಡಿ ಪಕ್ಕ ಇಟ್ಟಿದ್ದೀನಿ. ಸುತ್ತಿಗೆ ಅಟ್ಟದ ಮೇಲೆ ಐತೆ, ತೆಂಗಿನಕಾಯಿಗೂ ಅದನ್ನ ಇಳಿಸ್ತಾ ಇಲ್ಲ.